ಮರಗಡೆತಕ್ಕೆ ಸರಿಯಾದ ಅಳತೆಯ ಡ್ರಿಲ್ ಬಿಟ್ ಆರಿಸುವ ಕ್ರಮ

ಲೇತ್‌ನಲ್ಲಿ ಮರ ಕಡೆಯುವವರು ಉಳಿ ಮಸೆಯುವುದಕ್ಕೆ, ಮರ ಆರಿಸುವುದಕ್ಕೆ, ಮೆರುಗು ಕೊಡುವುದಕ್ಕೆ ಎಷ್ಟು ಗಮನ ಕೊಡುತ್ತಾರೋ ಅಷ್ಟು ಗಮನವನ್ನು ತೂತಿನ ಅಳತೆಗೆ ಕೊಡುವುದು ಅಪರೂಪ. ಕಡೆದ ವಸ್ತುವಿನ ಹೊರಮೈ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಒಳಗಿನ ತೂತಿನಲ್ಲಿ ಅಷ್ಟೇ ವ್ಯತ್ಯಾಸವಾದರೆ ಆಟಿಕೆಯ ಗಾಲಿ ತಿರುಗದೆ ಹಿಡಿದುಕೊಳ್ಳುತ್ತದೆ, ಪೆನ್ನಿನ ಹಿತ್ತಾಳೆ ಕೊಳವೆ ಅಂಟು ಬಿಟ್ಟು ಗಿರಗಿರನೆ ತಿರುಗುತ್ತದೆ, ಉಳಿಯ ಹಿಡಿ ಕೊಡತಿಯ ಮೊದಲ ಪೆಟ್ಟಿಗೇ ಸೀಳುತ್ತದೆ.

ಯಾವ ಅಳತೆಯ ಬಿಟ್ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೂರು ಸಂಗತಿಗಳು ಮೊದಲೇ ಗೊತ್ತಿರಬೇಕು: ತೂತಿನೊಳಗೆ ಏನು ಕೂರುತ್ತದೆ, ಅದು ಹೇಗೆ ಕೂರಬೇಕು ಮತ್ತು ಕೊರೆಯಲಿರುವ ಮರ ಯಾವುದು. ಈ ಮೂರನ್ನೂ ತಿಳಿಯದೆ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ ಬಿಟ್‌ನಿಂದ ಕೊರೆದು, ಆಮೇಲೆ ಉಪ್ಪುಕಾಗದದಿಂದಲೋ ದುಂಡು ಅರದಿಂದಲೋ ಹೊಂದಿಸಲು ಹೋದರೆ ತೂತಿನ ದುಂಡುತನವೂ ನೇರವೂ ಎರಡೂ ಕೆಡುತ್ತವೆ. ಇಲ್ಲಿ ಹೇಳುವ ಕ್ರಮ ಸಣ್ಣ ಲೇತ್ ಇಟ್ಟುಕೊಂಡು ಮನೆಯಲ್ಲೇ ಕಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ದೊಡ್ಡ ಕಾರ್ಖಾನೆಯಲ್ಲೂ ಅಳತೆಯ ಲೆಕ್ಕ ಬೇರೆಯಾಗುವುದಿಲ್ಲ.

ಮೊದಲ ಹಂತ: ಒಳಗೆ ಕೂರುವ ವಸ್ತುವನ್ನು ಅಳೆಯಿರಿ

ಇದಕ್ಕೆ ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು. ಪಟ್ಟಿಯಿಂದಾಗಲಿ ಟೇಪಿನಿಂದಾಗಲಿ ವ್ಯಾಸದ ಅಳತೆ ನಂಬುವಷ್ಟು ಸಿಗುವುದಿಲ್ಲ. ಅಂಗಡಿಯಲ್ಲಿ 10 ಮಿ.ಮೀ. ಎಂದು ಹೇಳಿ ಕೊಟ್ಟ ಮರದ ದುಂಡುಕಡ್ಡಿ ಒಂದು ತುದಿಯಲ್ಲಿ 9.7, ಇನ್ನೊಂದು ತುದಿಯಲ್ಲಿ 10.2 ಇರುವುದು ಸಾಮಾನ್ಯ. ಅದೂ ಪೂರ್ತಿ ದುಂಡಾಗಿರುವುದಿಲ್ಲ. ಆದ್ದರಿಂದ ಕಡ್ಡಿಯನ್ನು ಮೂರು ಜಾಗದಲ್ಲಿ, ಪ್ರತಿ ಜಾಗದಲ್ಲೂ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆದು, ಸಿಕ್ಕಿದವುಗಳಲ್ಲಿ ಅತಿ ದೊಡ್ಡ ಅಳತೆಯನ್ನು ಬರೆದಿಟ್ಟುಕೊಳ್ಳಿ. ಲೋಹದ ಕೊಳವೆ, ಸರಳು ಮತ್ತು ತಿರುಪುಗಳು ಇಷ್ಟು ಏರುಪೇರಾಗುವುದಿಲ್ಲವಾದರೂ ಪೊಟ್ಟಣದ ಮೇಲೆ ಅಚ್ಚಾದ ಸಂಖ್ಯೆಗಿಂತ ಕ್ಯಾಲಿಪರ್ ತೋರಿಸುವ ಸಂಖ್ಯೆಯನ್ನೇ ನಂಬುವುದು ಒಳ್ಳೆಯದು.

ಬಿಟ್‌ನ ಅಳತೆಯನ್ನೂ ಹೀಗೆಯೇ ನೋಡಬೇಕು. ಹಳೆಯ ಬಿಟ್‌ಗಳ ಬುಡದ ಮೇಲಿನ ಸಂಖ್ಯೆ ಚಕ್‌ನಲ್ಲಿ (ಬಿಟ್ ಕಚ್ಚಿ ಹಿಡಿಯುವ ಭಾಗದಲ್ಲಿ) ಜಾರಿ ಜಾರಿ ಅಳಿಸಿಹೋಗಿರುತ್ತದೆ. ಅಂಥ ಬಿಟ್‌ನ ಬುಡವನ್ನು ಅಳೆದರೆ ಸಾಲದು. ಕೊರೆಯುವ ತುದಿಯಲ್ಲಿ ಎದುರುಬದುರಾಗಿರುವ ಎರಡು ಅಂಚುಗಳ ನಡುವಿನ ಅಗಲವೇ ನಿಜವಾದ ಅಳತೆ. ನಡುವೆ ಮೊನೆಯೂ ಬದಿಗಳಲ್ಲಿ ಚೂಪಾದ ಹಲ್ಲೂ ಇರುವ ಮರಗೆಲಸದ ಬಿಟ್ ಆದರೆ ಹಲ್ಲಿನಿಂದ ಹಲ್ಲಿಗೆ ಅಳೆಯಿರಿ.

ಎರಡನೆಯ ಹಂತ: ಬಿಗಿ ಎಷ್ಟು, ಸಡಿಲ ಎಷ್ಟು ಎಂದು ತೀರ್ಮಾನಿಸಿ

ಈ ಲೇಖನದ ಮುಖ್ಯ ಭಾಗ ಇದು. ಒಂದೇ 6 ಮಿ.ಮೀ. ಕಡ್ಡಿಗೆ ಸಂದರ್ಭವನ್ನು ನೋಡಿಕೊಂಡು 5.8ರಿಂದ 7 ಮಿ.ಮೀ. ವರೆಗಿನ ಯಾವ ತೂತಾದರೂ ಸರಿಯಾದೀತು.

ಅಂಟಿಲ್ಲದೆ ಬಡಿದು ಕೂರಿಸುವ ಗೂಟವಾದರೆ ತೂತು ಗೂಟಕ್ಕಿಂತ 0.1ರಿಂದ 0.2 ಮಿ.ಮೀ. ಚಿಕ್ಕದಿರಬೇಕು. ಬಿಳಿ ಮರದಂಟು ಹಚ್ಚಿ ಕೂರಿಸುವುದಾದರೆ ಗೂಟ ಕೈಯಿಂದ ಒತ್ತಿದಾಗ ಸ್ವಲ್ಪ ತಡೆಯುತ್ತಲೇ ಒಳಗೆ ಹೋಗಬೇಕು. ಆ ಅಂಟಿನಲ್ಲಿರುವ ನೀರಿಗೆ ಮರ ಉಬ್ಬುತ್ತದೆಯಾದ್ದರಿಂದ ತೀರಾ ಬಿಗಿಯಾದ ತೂತಿನಲ್ಲಿ ಗೂಟ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಸುತ್ತಲೂ ಸಡಿಲವಿದ್ದರೆ ಬಿಳಿ ಅಂಟು ಒಣಗುವಾಗ ಕುಗ್ಗಿ ಹಿಡಿತ ಕಳೆದುಕೊಳ್ಳುತ್ತದೆ. ಲೋಹದ ಕೊಳವೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸುವಾಗ ಲೆಕ್ಕ ಬೇರೆ: ಎಪಾಕ್ಸಿಗೆ ಜಾಗ ಬೇಕು, ಆದ್ದರಿಂದ ತೂತು ಕೊಳವೆಗಿಂತ 0.1ರಿಂದ 0.2 ಮಿ.ಮೀ. ದೊಡ್ಡದಿರಬೇಕು. ಮರದೊಳಗೆ ಮರದ ಅಚ್ಚು (ಗಾಲಿ ಕೂರುವ ದುಂಡುಕಡ್ಡಿ) ಸಲೀಸಾಗಿ ತಿರುಗಬೇಕಾದರೆ 0.5ರಿಂದ 1 ಮಿ.ಮೀ. ವರೆಗೆ ಸಡಿಲ ಬಿಡಬೇಕು.

ಮಗು ದಾರ ಕಟ್ಟಿ ಎಳೆಯುವ ಚನ್ನಪಟ್ಟಣದ ಮಾದರಿಯ ಗಾಲಿ ಆಟಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ಗಾಲಿ ತಿರುಗಿಸುವುದಕ್ಕೆ ಎರಡು ದಾರಿಗಳಿವೆ. ಅಚ್ಚನ್ನು ಆಟಿಕೆಯ ಒಡಲಿಗೆ ಅಂಟಿಸಿ ಅದರ ಮೇಲೆ ಗಾಲಿ ತಿರುಗುವಂತೆ ಮಾಡಬಹುದು, ಇಲ್ಲವೇ ಅಚ್ಚಿನ ಎರಡೂ ತುದಿಗೆ ಗಾಲಿಗಳನ್ನು ಅಂಟಿಸಿ ಇಡೀ ಅಚ್ಚು ಒಡಲಿನ ತೂತಿನಲ್ಲಿ ತಿರುಗುವಂತೆ ಮಾಡಬಹುದು. ನನ್ನ ಆಯ್ಕೆ ಎರಡನೆಯದು. ಗಾಲಿ ಸಾಮಾನ್ಯವಾಗಿ 10–12 ಮಿ.ಮೀ. ದಪ್ಪವಿರುತ್ತದೆ, ಅಷ್ಟು ಗಿಡ್ಡ ತೂತಿನಲ್ಲಿ ಸಡಿಲ ಬಿಟ್ಟರೆ ಗಾಲಿ ಓಲಾಡುತ್ತದೆ, 50 ಮಿ.ಮೀ. ಅಗಲದ ಒಡಲಿನಲ್ಲಿ ಅಷ್ಟೇ ಸಡಿಲ ಬಿಟ್ಟರೆ ಓಲಾಟ ಕಾಣಿಸುವುದೇ ಇಲ್ಲ. ಹಾಗಾಗಿ 6 ಮಿ.ಮೀ. ಅಚ್ಚಿಗೆ ಗಾಲಿಯಲ್ಲಿ 6 ಮಿ.ಮೀ. ಬಿಟ್, ಒಡಲಿನಲ್ಲಿ 7 ಮಿ.ಮೀ. ಬಿಟ್ ಬಳಸಬೇಕು. ಗಾಲಿಯ ಹಿಡಿತ ಗಟ್ಟಿಯಾಗಿರಬೇಕಾದ್ದು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ ಮುಖ್ಯ, ಏಕೆಂದರೆ ಕಳಚಿಬಂದ ಸಣ್ಣ ಗಾಲಿ ನೇರವಾಗಿ ಬಾಯಿಗೆ ಹೋಗುತ್ತದೆ.

ಒಡಲಿನ ತೂತಿಗೆ ಪೂರ್ತಿ ಒಂದು ಮಿಲಿಮೀಟರ್ ಸಡಿಲ ಏಕೆ ಎಂದು ಕೇಳಬಹುದು. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಸಾಧಾರಣ ಮರವೊಂದರ ತೇವಾಂಶ ಶೇ 1ರಷ್ಟು ಏರಿದರೆ ಅದು ಬೆಳವಣಿಗೆಯ ಬಳೆಗಳ ಗುಂಟ ಸುಮಾರು ಶೇ 0.25ರಷ್ಟು ಹಿಗ್ಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಶೇ 8ರ ತೇವಾಂಶದಲ್ಲಿ ಕಡೆದ 10 ಮಿ.ಮೀ. ಅಚ್ಚು ಮಂಗಳೂರಿನ ಮಳೆಗಾಲದಲ್ಲಿ ಶೇ 16ಕ್ಕೆ ಏರಿತೆಂದರೆ ಒಂದು ದಿಕ್ಕಿನಲ್ಲಿ 10.2 ಮಿ.ಮೀ. ಆಗಿರುತ್ತದೆ. ಒಡಲಿನ ತೂತೂ ಅದರ ಜೊತೆಗೇ ಹಿಗ್ಗಬಹುದಲ್ಲವೇ ಎಂದರೆ, ಎಲ್ಲ ಕಡೆಗೂ ಹಿಗ್ಗುವುದಿಲ್ಲ. ಅಚ್ಚಿನ ತೂತನ್ನು ಒಡಲಿನ ಎಳೆಗೆ, ಎಂದರೆ ಮರದ ನಾರು ಸಾಗುವ ದಿಕ್ಕಿಗೆ, ಅಡ್ಡವಾಗಿ ಕೊರೆದಿರುತ್ತೇವೆ, ಮರವಾದರೋ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆ ದಿಕ್ಕಿನಲ್ಲಿ ತೂತು ಮೊದಲಿನಷ್ಟೇ ಉಳಿಯುತ್ತದೆ. ಉಬ್ಬಿದ ಅಚ್ಚು ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಇದಕ್ಕೆ ಮೇಣ ಸವರಿದ ನುಣುಪಾದ ಅಚ್ಚೂ ಸಾಕಷ್ಟು ಸಡಿಲವೂ ಎರಡೂ ಬೇಕು.

ತಿರುಪಿನ ಮೊಳೆಗೆ ಕೊರೆಯುವ ತೂತಿನಲ್ಲಿ ನೋಡಬೇಕಾದದ್ದು ತಿರುಪಿನ ಸುರುಳಿಗಳ ನಡುವೆ ಉಳಿಯುವ ಕಾಂಡದ ದಪ್ಪ. ಮೆದು ಮರದಲ್ಲಿ ಕಾಂಡಕ್ಕಿಂತ ತುಸು ಕಡಿಮೆ, ಗಟ್ಟಿ ಮರದಲ್ಲಿ ಕಾಂಡದಷ್ಟೇ ಅಥವಾ ಕೂದಲೆಳೆಯಷ್ಟು ಹೆಚ್ಚು ಅಳತೆಯ ಬಿಟ್ ಬೇಕು. ಮುಖತಟ್ಟೆಯನ್ನು (ದಿಮ್ಮಿಯನ್ನು ಲೇತ್‌ಗೆ ಸೇರಿಸುವ ಲೋಹದ ತಟ್ಟೆ) ಮರದ ದಿಮ್ಮಿಗೆ ಹಿಡಿಸಲು ಬಳಸುವ 8ನೇ ನಂಬರಿನ ತಿರುಪು ಹೊರಗೆ ಸುಮಾರು 4.2 ಮಿ.ಮೀ. ಇರುತ್ತದೆ, ಅದಕ್ಕೆ ಹಾಲೆ ಅಥವಾ ಸಿಲ್ವರ್ ಓಕ್‌ನಲ್ಲಿ 2.5–2.8, ಬೀಟೆ ಅಥವಾ ಮತ್ತಿಯಲ್ಲಿ 3–3.2 ಮಿ.ಮೀ. ತೂತು ಸರಿಹೋಗುತ್ತದೆ. ಬುಗುರಿಯ ಕಬ್ಬಿಣದ ಮೊಳೆಗೂ ಇದೇ ಮಾತು: ಎಳೆಯ ತುದಿಯ ಮುಖಕ್ಕೆ ತೂತಿಲ್ಲದೆ ಮೊಳೆ ಬಡಿದರೆ ಮರ ಸೀಳದೆ ಇರುವುದು ಅದೃಷ್ಟ. 5 ಮಿ.ಮೀ. ಮೊಳೆಗೆ ಮೆದು ಮರದಲ್ಲಿ 4, ಗಟ್ಟಿ ಮರದಲ್ಲಿ 4.5 ಮಿ.ಮೀ. ಕೊರೆಯಿರಿ.

ಮೂರನೆಯ ಹಂತ: ಮರವನ್ನು ನೋಡಿ

ಒಂದೇ ಬಿಟ್ ಎಲ್ಲ ಮರದಲ್ಲೂ ಒಂದೇ ಅಳತೆಯ ತೂತು ಮಾಡುವುದಿಲ್ಲ. ಮೆದು ಮರದ ನಾರುಗಳು ಬಿಟ್ ಹೋಗುವಾಗ ಬಾಗಿ, ಅದು ಹೊರಬಂದ ಮೇಲೆ ಮತ್ತೆ ಚಾಚಿಕೊಳ್ಳುವುದರಿಂದ ತೂತು ಬಿಟ್‌ಗಿಂತ ಸ್ವಲ್ಪ ಚಿಕ್ಕದಾಗಿ ಉಳಿಯಬಹುದು. ಗಟ್ಟಿ ಮರದಲ್ಲಿ ಬಿಟ್ ಒಂದಿಷ್ಟು ಓಲಾಡಿದರೂ ತೂತು ಅಷ್ಟೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಚನ್ನಪಟ್ಟಣದಲ್ಲಿಯೂ ಆಂಧ್ರದ ಏಟಿಕೊಪ್ಪಾಕದಲ್ಲಿಯೂ ಅರಗಿನ ಬಣ್ಣದ ಆಟಿಕೆಗಳಿಗೆ ಬಳಸುವ ಹಾಲೆ ಮರ ಎಳೆ ಸಣ್ಣದಾದ, ಮೆದುವಾದ ಮರ. ಅದರಲ್ಲಿ ಹರಿತವಾದ ಬಿಟ್ ಸ್ವಚ್ಛವಾದ ತೂತು ಮಾಡುತ್ತದೆ. ತೇಗದಲ್ಲಿ ಕೊರೆದ ಚೂರು ಬಿಟ್‌ನ ಸುರುಳಿಯಲ್ಲಿ ಗಿಡಿದುಕೊಳ್ಳುವ ಸಂಭವ ಹೆಚ್ಚು. ಅದರಲ್ಲಿರುವ ಸಿಲಿಕಾ ಬಿಟ್‌ನ ಅಂಚನ್ನು ಬೇಗ ಸವೆಸುತ್ತದೆ. ಬೀಟೆಯಲ್ಲಿ ಬಿಸಿಯೇ ಶತ್ರು.

ಆದ್ದರಿಂದ ಮುಖ್ಯ ತುಂಡಿನಿಂದಲೇ ಕತ್ತರಿಸಿ ಉಳಿದ ಚೂರಿನಲ್ಲಿ, ಮುಖ್ಯ ತುಂಡಿನಲ್ಲಿ ಎಳೆ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ, ಒಂದು ಪರೀಕ್ಷೆಯ ತೂತು ಕೊರೆದು ವಸ್ತುವನ್ನು ಕೂರಿಸಿ ನೋಡಿ. ಈ ಒಂದು ಕೆಲಸವನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಯಾವ ಕೋಷ್ಟಕವೂ ನಿಮ್ಮ ಬಿಟ್, ನಿಮ್ಮ ಲೇತ್ ಮತ್ತು ನಿಮ್ಮ ಮರ ಈ ಮೂರೂ ಸೇರಿದಾಗ ಬರುವ ಅಳತೆಯನ್ನು ಮೊದಲೇ ಹೇಳಲಾರದು.

ಹಸಿ ಮರದಲ್ಲಿ ಅಳತೆಯ ತೂತು ಕೊರೆಯುವುದೇ ವ್ಯರ್ಥ. ಮರ ಒಣಗುವಾಗ ಬಳೆಗಳ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದರ ಸುಮಾರು ಅರ್ಧದಷ್ಟು. ಹೀಗಾಗಿ ದುಂಡಾಗಿ ಕೊರೆದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಸಿ ಮರವನ್ನೇ ಬಳಸಬೇಕಾದರೆ ಬೇಕಾದ ಅಳತೆಗಿಂತ ಸಾಕಷ್ಟು ಸಣ್ಣ ತೂತು ಮಾಡಿ, ಮರ ಪೂರ್ತಿ ಒಣಗಿದ ಮೇಲೆ ಸರಿಯಾದ ಅಳತೆಗೆ ಹಿಗ್ಗಿಸಬೇಕು.

ನಾಲ್ಕನೆಯ ಹಂತ: ಬಿಟ್‌ನ ಬಗೆ ಮತ್ತು ಉದ್ದ

ಸುರುಳಿ ಬಿಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅರ್ಧ ಮಿಲಿಮೀಟರ್ ಅಂತರದಲ್ಲಿಯೂ, ಹುಡುಕಿದರೆ 0.1 ಮಿ.ಮೀ. ಅಂತರದಲ್ಲಿಯೂ ಸಿಗುತ್ತದೆ. ಎಳೆಯ ಉದ್ದಕ್ಕೆ ಆಳವಾಗಿ ಕೊರೆಯುವುದಕ್ಕೆ ಇದೇ ಅನುಕೂಲ. ನಡುಮೊನೆಯ ಮರಗೆಲಸದ ಬಿಟ್ ಎಳೆಗೆ ಅಡ್ಡವಾಗಿ ಕೊರೆಯುವಾಗ ಅಂಚು ಹರಿಯದಂತೆ ಕತ್ತರಿಸುತ್ತದೆ, ಗುರುತು ಹಾಕಿದ ಜಾಗದಿಂದ ಜಾರುವುದಿಲ್ಲ. 12 ಮಿ.ಮೀ. ದಾಟಿದ ತೂತುಗಳಿಗೆ, ಅದರಲ್ಲೂ ತಳ ಸಮತಟ್ಟಾಗಿರಬೇಕಾದ ಡಬ್ಬಿ, ಕುಂಕುಮದ ಭರಣಿಯಂಥ ಕೆಲಸಕ್ಕೆ ಫೋರ್ಸ್ಟ್ನರ್ ಬಿಟ್ (ಸುತ್ತಲೂ ದುಂಡು ಅಂಚು, ನಡುವೆ ಗಿಡ್ಡ ಮೊನೆ ಇರುವ ಬಿಟ್) ಬೇಕು. ಚಪ್ಪಟೆ ಅಲಗಿನ ಸ್ಪೇಡ್ ಬಿಟ್ ಅಗ್ಗವಾದರೂ ಎಳೆಯ ತುದಿಯ ಮುಖದಲ್ಲಿ ದಾರಿ ತಪ್ಪುತ್ತದೆ. ಅಳತೆಯ ಕೆಲಸಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ವ್ಯಾಸ ಸರಿಯಿದ್ದರೂ ಉದ್ದ ಸಾಲದೆ ಕೆಲಸ ನಿಲ್ಲುವುದುಂಟು. ಮಾಮೂಲಿ ಉದ್ದದ 7 ಮಿ.ಮೀ. ಸುರುಳಿ ಬಿಟ್‌ನ ಒಟ್ಟು ಉದ್ದ 109 ಮಿ.ಮೀ., ಅದರಲ್ಲಿ ಸುರುಳಿ ಇರುವುದು 69 ಮಿ.ಮೀ. ಮಾತ್ರ, 10 ಮಿ.ಮೀ. ಬಿಟ್‌ನಲ್ಲಿ 133ಕ್ಕೆ 87. ಸುರುಳಿ ಪೂರ್ತಿ ಮರದೊಳಗೆ ಮುಳುಗಿದರೆ ಚೂರು ಹೊರಬರಲು ದಾರಿಯಿಲ್ಲ. ಬೇಕಾದ ಆಳಕ್ಕಿಂತ ಕನಿಷ್ಠ 10 ಮಿ.ಮೀ. ಹೆಚ್ಚು ಉದ್ದದ ಸುರುಳಿ ಇರುವ ಬಿಟ್ ಆರಿಸಿಕೊಳ್ಳಿ.

ಇಂಚು ಮತ್ತು ಮಿಲಿಮೀಟರ್

ಹೊರದೇಶದಿಂದ ತರಿಸುವ ಪೆನ್ನಿನ ಕಿಟ್, ಪೆಪ್ಪರ್ ಮಿಲ್ (ಕಾಳುಮೆಣಸು ಅರೆಯುವ ಸಾಧನ) ಮುಂತಾದವುಗಳ ಸೂಚನಾಪತ್ರದಲ್ಲಿ ಅಳತೆ ಹೆಚ್ಚಾಗಿ ಇಂಚಿನ ಭಿನ್ನರಾಶಿಯಲ್ಲಿರುತ್ತದೆ. 1/4 ಇಂಚು ಎಂದರೆ 6.35 ಮಿ.ಮೀ., 5/16 ಎಂದರೆ 7.94, 3/8 ಎಂದರೆ 9.53, 27/64 ಎಂದರೆ 10.72, 1/2 ಎಂದರೆ 12.7. ಇವುಗಳಲ್ಲಿ 5/16ರ ಜಾಗದಲ್ಲಿ 8 ಮಿ.ಮೀ. ಬಿಟ್ ನಿಶ್ಚಿಂತೆಯಿಂದ ಬಳಸಬಹುದು, ವ್ಯತ್ಯಾಸ 0.06 ಮಾತ್ರ. 1/4ರ ಜಾಗದಲ್ಲಿ 6 ಬಳಸಿದರೆ ವಸ್ತು ಒಳಗೆ ಹೋಗುವುದಿಲ್ಲ, 6.5 ಬಳಸಿದರೆ ಹೆಚ್ಚಿನ ಕೆಲಸಗಳಿಗೆ ನಡೆಯುತ್ತದೆ. ತೊಡಕು ಬರುವುದು 27/64ರಲ್ಲಿ: 10.5 ಚಿಕ್ಕದು, 11 ತೀರಾ ಸಡಿಲ. ಒಂದೇ ಕೊಳವೆಯ ದಪ್ಪ ಪೆನ್ನುಗಳಲ್ಲಿ ಹಲವಕ್ಕೆ ಬೇಕಾಗುವ ಅಳತೆ ಇದೇ ಆದ್ದರಿಂದ ಅಂಥ ಪೆನ್ನು ಕಡೆಯುವವರು 10.7 ಮಿ.ಮೀ. ಬಿಟ್ ಒಂದನ್ನು ಬಿಡಿಯಾಗಿ ಕೊಳ್ಳುವುದು ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಲೋಹಗೆಲಸದ ಸಲಕರಣೆ ಮಾರುವ ಅಂಗಡಿಯಲ್ಲಿ ಕೇಳಿ. ಮರಗೆಲಸದ ಅಂಗಡಿಯಲ್ಲಿ ಇಂಥ ಅಳತೆಗಳನ್ನು ಇಡುವುದು ಕಡಿಮೆ.

ಐದನೆಯ ಹಂತ: ಲೇತ್ ಮೇಲೆ ಕೊರೆಯುವುದು

ಆರಿಸಿದ ಬಿಟ್ ತನ್ನ ಅಳತೆಯ ತೂತನ್ನೇ ಕೊಡಬೇಕಾದರೆ ಅದು ಮರದ ನಟ್ಟನಡುವೆ ನೇರವಾಗಿ ಹೋಗಬೇಕು. ಲೇತ್‌ನಲ್ಲಿ ಮರ ತಿರುಗುತ್ತದೆ, ಬಿಟ್ ಟೈಲ್‌ಸ್ಟಾಕಿನ (ಲೇತ್‌ನ ತಿರುಗದ ತುದಿಯ) ಡ್ರಿಲ್ ಚಕ್‌ನಲ್ಲಿ ನಿಂತೇ ಇರುತ್ತದೆ. ಮೊದಲು ಹೆಡ್‌ಸ್ಟಾಕಿನ (ಮರವನ್ನು ತಿರುಗಿಸುವ ತುದಿಯ) ಮೊನೆಯೂ ಟೈಲ್‌ಸ್ಟಾಕಿನ ಮೊನೆಯೂ ಒಂದಕ್ಕೊಂದು ಎದುರಾಗಿ ಕೂಡುತ್ತವೆಯೇ ನೋಡಿ. ಅವೆರಡರ ನಡುವೆ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ತೂತಿನ ಬಾಯಿ ಅಗಲವಾಗುತ್ತದೆ, ಆಗ ಬಿಟ್‌ನ ಮೇಲಿನ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಮರದ ಮುಖವನ್ನು ಉಳಿಯಿಂದ ಸಮತಟ್ಟು ಮಾಡಿ, ನಡುವೆ ಓರೆ ಉಳಿಯ ತುದಿಯಿಂದ ಸಣ್ಣ ಕುಳಿ ಮಾಡಿದರೆ ಬಿಟ್‌ಗೆ ಕೂರಲು ಜಾಗ ಸಿಗುತ್ತದೆ. ವೇಗ 7 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ 700ರಿಂದ 1000 ಸುತ್ತು, 25 ಮಿ.ಮೀ. ಫೋರ್ಸ್ಟ್ನರ್‌ಗೆ 400–500, 40 ಮಿ.ಮೀ. ದಾಟಿದರೆ 300ಕ್ಕಿಂತ ಕಡಿಮೆ ಇಟ್ಟುಕೊಳ್ಳಿ. ಪ್ರತಿ 10–15 ಮಿ.ಮೀ.ಗೊಮ್ಮೆ ಬಿಟ್ ಹೊರಗೆಳೆದು ಹೊಟ್ಟು ತೆಗೆಯಬೇಕು. ಹೊಗೆಯ ವಾಸನೆ ಬಂದರೆ ಆಗಲೇ ತಡವಾಗಿದೆ ಎಂದು ತಿಳಿಯಿರಿ: ಬಿಸಿಯಾದ ಬೀಟೆ ಒಳಗಿನಿಂದಲೇ ಬಿರುಕು ಬಿಡುತ್ತದೆ. ಬಿಟ್ ಹೊರಗೆಳೆಯುವಾಗ ಡ್ರಿಲ್ ಚಕ್‌ನ ಒಡಲನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಅದು ಟೈಲ್‌ಸ್ಟಾಕಿನಲ್ಲಿ ಕೂತಿರುವುದು ಮೋರ್ಸ್ ಟೇಪರ್‌ನ (ತುದಿಗೆ ಸಣ್ಣಗಾಗುತ್ತ ಹೋಗುವ ದುಂಡು ಬುಡದ) ಘರ್ಷಣೆಯಿಂದ ಮಾತ್ರ. ಬಿಟ್ ಮರದಲ್ಲಿ ಕಚ್ಚಿಕೊಂಡರೆ ಇಡೀ ಚಕ್ ಕಿತ್ತುಬಂದು ಮರದ ಜೊತೆ ಸುತ್ತತೊಡಗುತ್ತದೆ. ದೊಡ್ಡ ಫೋರ್ಸ್ಟ್ನರ್ ಬಿಟ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚಾದ್ದರಿಂದ ಹೊರಗೆಳೆಯುವ ಮೊದಲು ಲೇತ್ ನಿಲ್ಲಿಸಿಬಿಡುವುದೇ ಲೇಸು.

ಕೊರೆಯುವುದು ಮೊದಲು, ಕಡೆಯುವುದು ಆಮೇಲೆ ಎಂಬ ಅನುಕ್ರಮವನ್ನು ಪೆನ್ನು, ಹಿಡಿ, ದೀಪದ ಕಂಬ, ಪೆಪ್ಪರ್ ಮಿಲ್ ಎಲ್ಲಕ್ಕೂ ಪಾಲಿಸಿ. ತೂತು ಒಂದಿಷ್ಟು ಓರೆಯಾಗಿ ಹೋಗಿದ್ದರೂ, ತೂತಿನ ಎರಡು ಬಾಯಿಗಳಿಗೇ ಮೊನೆ ಕೊಟ್ಟು ಕಡೆದರೆ ಹೊರಮೈ ತೂತಿಗೆ ಸರಿಯಾಗಿ ಸುತ್ತುವರಿಯುತ್ತದೆ, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಆಗುತ್ತದೆ. ಅರಗಿನ ಬಣ್ಣ ಹಚ್ಚುವ ಕೆಲಸಕ್ಕೆ ಇನ್ನೊಂದು ಕಾರಣವೂ ಇದೆ. ಬಣ್ಣ ಹಚ್ಚಿದ ಮೇಲೆ ಕೊರೆದರೆ ಅರಗಿನ ಪದರ ತೂತಿನ ಅಂಚಿನಲ್ಲಿ ಚಕ್ಕೆಯೇಳುತ್ತದೆ. ಮೊದಲೇ ಕೊರೆದು, ಬಣ್ಣ ಹಚ್ಚಿ, ತೂತಿನೊಳಕ್ಕೆ ಇಳಿದ ಅರಗನ್ನು ಅದೇ ಬಿಟ್ ಕೈಯಲ್ಲಿ ಹಿಡಿದು ತಿರುಗಿಸಿ ತೆಗೆದರೆ ಅಂಚು ಹಾಗೆಯೇ ಉಳಿಯುತ್ತದೆ.

ಗಾಲಿಗಳನ್ನು ಒಂದೇ ಉದ್ದನೆಯ ಕಂಬದಿಂದ ಒಂದೊಂದಾಗಿ ಕತ್ತರಿಸಿ ತೆಗೆಯುವವರು ಕಂಬದ ಪೂರ್ತಿ ಉದ್ದಕ್ಕೆ ಒಮ್ಮೆಲೇ ಕೊರೆಯಬಾರದು. ಎಳೆಯ ಉದ್ದಕ್ಕೆ ಹೋಗುವ ಸಣ್ಣ ಬಿಟ್ ಆಳಕ್ಕೆ ಹೋದಂತೆಲ್ಲ ಮೆದುವಾದ ಎಳೆಯ ಕಡೆಗೆ ಬಾಗುತ್ತದೆ. 30–40 ಮಿ.ಮೀ. ಕೊರೆದು, ಅಷ್ಟರಲ್ಲಿ ಬರುವ ಗಾಲಿಗಳನ್ನು ಬಿಡಿಸಿಕೊಂಡು, ಮುಖ ಸಮ ಮಾಡಿ ಮತ್ತೆ ಕೊರೆಯಬೇಕು.

ಕೆಲವು ಕೆಲಸಗಳು, ಅವುಗಳ ಅಳತೆಗಳು

ಪೆನ್ನು: ತೆಳ್ಳನೆಯ ಎರಡು ತುಂಡಿನ ಪೆನ್ನಿನ ಹಿತ್ತಾಳೆ ಕೊಳವೆಗೆ 7 ಮಿ.ಮೀ. ಬಿಟ್ ರೂಢಿಯ ಅಳತೆ. ಕೊಳವೆಯ ಉದ್ದ ಸುಮಾರು 53 ಮಿ.ಮೀ., ಆದ್ದರಿಂದ ಮರವನ್ನು 56–57ಕ್ಕೆ ಕತ್ತರಿಸಿದರೆ ಎರಡೂ ತುದಿ ಸಮ ಮಾಡಲು ಜಾಗವಿರುತ್ತದೆ. ಬಿಟ್ ಇನ್ನೊಂದು ಕಡೆಯಿಂದ ಹೊರಬರುವಾಗ ಮರ ಸಿಡಿಯುವುದು ಇಲ್ಲಿಯ ದೊಡ್ಡ ತೊಂದರೆ. ಅದಕ್ಕೆ ಉಪಾಯವೆಂದರೆ ತುಂಡನ್ನು ಇನ್ನೂ 6–8 ಮಿ.ಮೀ. ಉದ್ದ ಇಟ್ಟುಕೊಂಡು, ತೂತು ಹೊರಬರುವ ಮುಂಚೆಯೇ ನಿಲ್ಲಿಸಿ, ತುದಿಯನ್ನು ಗರಗಸದಿಂದ ಕತ್ತರಿಸಿ ತೂತನ್ನು ತೆರೆಯುವುದು. ಕೊಳವೆ ಕೈಯ ಒತ್ತಡಕ್ಕೇ ಜಾರಿ ಹೋಗಬೇಕು. ಬೀಟೆಯಂಥ ಗಟ್ಟಿ ಮರದಲ್ಲಿ 7 ಮಿ.ಮೀ. ಬಿಟ್‌ನ ತೂತು ಬಿಗಿಯೆನಿಸಿದರೆ 7.1 ಬಳಸಿ. ಬಡಿದು ಕೂರಿಸಿದ ಕೊಳವೆ ಅಂಟನ್ನೆಲ್ಲ ಒರೆಸಿಕೊಂಡು ಹೋಗುತ್ತದೆ, ಮುಂದೆಂದೋ ಮರ ಕುಗ್ಗಿದಾಗ ಉದ್ದಕ್ಕೆ ಬಿರುಕು ಕಾಣಿಸಿಕೊಳ್ಳುತ್ತದೆ.

ಉಳಿಯ ಹಿಡಿ: ಉಳಿಯ ಬಾಲ (ಹಿಡಿಯೊಳಗೆ ಕೂರುವ ಭಾಗ) ತುದಿಗೆ ಹೋದಂತೆ ಸಣ್ಣಗಾಗುವುದರಿಂದ ಒಂದೇ ಅಳತೆಯ ತೂತು ಇದಕ್ಕೆ ಒಗ್ಗುವುದಿಲ್ಲ. ಬಾಲವನ್ನು ತುದಿಯಲ್ಲಿ, ನಡುವೆ, ಭುಜದ ಬಳಿ ಮೂರು ಕಡೆ ಅಳೆಯಿರಿ. 70 ಮಿ.ಮೀ. ಉದ್ದದ ದುಂಡು ಬಾಲ ತುದಿಯಲ್ಲಿ 4, ನಡುವೆ 6, ಭುಜದಲ್ಲಿ 8 ಮಿ.ಮೀ. ಇದೆ ಎಂದಿಟ್ಟುಕೊಳ್ಳೋಣ. ಮೊದಲು 4.5 ಬಿಟ್‌ನಿಂದ 70 ಮಿ.ಮೀ. ಆಳಕ್ಕೂ, ಆಮೇಲೆ 6ರಿಂದ 45 ಮಿ.ಮೀ. ವರೆಗೂ, ಕೊನೆಗೆ 7.5ರಿಂದ 20 ಮಿ.ಮೀ. ವರೆಗೂ ಕೊರೆದರೆ ಮೆಟ್ಟಿಲು ಮೆಟ್ಟಿಲಾದ ತೂತು ಸಿಗುತ್ತದೆ. ಉಳಿಯನ್ನು ಕೈಯಿಂದ ಒತ್ತಿದಾಗ ಭುಜಕ್ಕೂ ಹಿಡಿಗೂ ನಡುವೆ ಸುಮಾರು 10 ಮಿ.ಮೀ. ಉಳಿದಿರಬೇಕು, ಆ ಉಳಿದದ್ದನ್ನು ಹಿಡಿಯ ಹಿಂಬದಿಗೆ ಕೊಡತಿಯಿಂದ ಬಡಿದು ಕೂರಿಸಬೇಕು. ಚೌಕ ಬಾಲವಾದರೆ ಅದರ ಚಪ್ಪಟೆ ಅಳತೆಗೂ ಮೂಲೆಯಿಂದ ಮೂಲೆಯ ಅಳತೆಗೂ ನಡುವಿನ ಬಿಟ್ ಬೇಕು: 6 ಮಿ.ಮೀ. ಚೌಕದ ಮೂಲೆ ಅಳತೆ 8.5 ಆಗುತ್ತದೆ, 7 ಮಿ.ಮೀ. ತೂತಿನಲ್ಲಿ ಅದರ ಮೂಲೆಗಳು ಮರವನ್ನು ಕಚ್ಚಿ ಹಿಡಿಯುತ್ತವೆ. ಬಡಿಯುವ ಮೊದಲು ಹಿತ್ತಾಳೆ ಬಳೆ ತೊಡಿಸಿರಬೇಕು.

ಪೆಪ್ಪರ್ ಮಿಲ್: ಇಲ್ಲಿ ಬಿಟ್‌ಗಳ ಅನುಕ್ರಮ ತಿರುಗುಮುರುಗು. ಉಳಿಯ ಹಿಡಿಯಲ್ಲಿ ಸುರುಳಿ ಬಿಟ್ ಬಳಸಿದ್ದರಿಂದ ಸಣ್ಣದು ಮೊದಲು ಹೋಗಬಹುದಿತ್ತು, ದೊಡ್ಡದು ಅದರ ದಾರಿಯನ್ನೇ ಹಿಡಿಯುತ್ತದೆ. ಫೋರ್ಸ್ಟ್ನರ್ ಬಿಟ್‌ನ ನಡುಮೊನೆಗೆ ಊರಲು ಮರ ಬೇಕೇ ಬೇಕು. ನಡುವೆ ಮೊದಲೇ ತೂತು ಮಾಡಿಬಿಟ್ಟರೆ ದೊಡ್ಡ ಬಿಟ್‌ಗೆ ಹಿಡಿತ ತಪ್ಪಿ ಅತ್ತಿತ್ತ ಕುಣಿಯುತ್ತದೆ. ಆದ್ದರಿಂದ ಅತಿ ದೊಡ್ಡ ತೂತು ಮೊದಲು. ಮಾಮೂಲಿ ಕಿಟ್‌ಗಳಲ್ಲಿ ತಳದ ಅರೆಯುವ ಭಾಗ ಕೂರಲು 1 5/8 ಇಂಚು, ಎಂದರೆ ಸುಮಾರು 41 ಮಿ.ಮೀ., ಕಾಳು ತುಂಬುವ ನಡುಗೊಳವೆಗೆ 1 1/16 ಇಂಚು, ಎಂದರೆ 27 ಮಿ.ಮೀ., ಮೇಲಿನ ತಲೆಯಲ್ಲಿ ಸರಳು ಹಾಯಲು 6.5–7 ಮಿ.ಮೀ. ಬೇಕಾಗುತ್ತದೆ. ಕಿಟ್‌ನಿಂದ ಕಿಟ್‌ಗೆ ಇದು ಬದಲಾಗುವುದರಿಂದ ಕಿಟ್ ಕೈಗೆ ಬರುವ ಮುಂಚೆ ಮರಕ್ಕೆ ಬಿಟ್ ಮುಟ್ಟಿಸಬೇಡಿ. 27 ಮಿ.ಮೀ. ತೂತಿನೊಳಗೆ ತಿರುಗಬೇಕಾದ ತಲೆಯ ಕೆಳತುದಿಯನ್ನು 26ಕ್ಕೆ ಕಡೆದರೆ ಮಳೆಗಾಲದಲ್ಲೂ ಹಿಡಿಯುವುದಿಲ್ಲ.

ಬಟ್ಟಲು: ದಿಮ್ಮಿ ಹಿಡಿಯುವ ನಾಲ್ಕು ಹಲ್ಲಿನ ಚಕ್‌ನ ನಡುತಿರುಪಿಗೆ ಸಾಮಾನ್ಯವಾಗಿ 8 ಮಿ.ಮೀ. ತೂತು ಬೇಕು. ಒಳಭಾಗ ತೋಡುವಾಗ ಆಳ ತಿಳಿಯಲು ಅದೇ ಬಿಟ್‌ನಿಂದ ನಡುವೆ ಆಳದ ಗುರುತಿನ ತೂತು ಕೊರೆಯಬಹುದು. ದಿಮ್ಮಿ 60 ಮಿ.ಮೀ. ದಪ್ಪವಿದ್ದು, ಅಡಿಯ ಕುಳಿಗೆ 6, ತಳದ ದಪ್ಪಕ್ಕೆ 8 ಬಿಟ್ಟರೆ ತೂತು 46 ಮಿ.ಮೀ. ಆಳ ಇರಬಹುದು. ಫೋರ್ಸ್ಟ್ನರ್ ಬಳಸುವುದಾದರೆ ಅದರ ನಡುಮೊನೆ ಇನ್ನೂ ಕೆಲವು ಮಿಲಿಮೀಟರ್ ಕೆಳಗಿಳಿದು ತಳದಲ್ಲಿ ಚುಕ್ಕೆ ಉಳಿಸುತ್ತದೆಯಾದ್ದರಿಂದ ಅಷ್ಟನ್ನು ಕಳೆದು ಲೆಕ್ಕ ಹಾಕಿ.

ದೀಪದ ಕಂಬ: ತಂತಿ ಹಾಯಲು 8 ಮಿ.ಮೀ. ಉದ್ದ ಬಿಟ್ ಸಾಕು. ಹೋಲ್ಡರ್ ಕೂರಿಸುವ 10 ಮಿ.ಮೀ. ತಿರುಪುಗೊಳವೆ ಇದ್ದರೆ ಮೇಲಿನ ತುದಿಯಲ್ಲಷ್ಟೇ ಅದಕ್ಕೆ ತಕ್ಕಂತೆ ಹಿಗ್ಗಿಸಿ. 300 ಮಿ.ಮೀ. ಕಂಬವನ್ನು ಎರಡೂ ತುದಿಯಿಂದ ಅರ್ಧರ್ಧ ಕೊರೆದರೆ ನಡುವೆ ತೂತುಗಳು ಕೂಡುತ್ತವೆ. ಅಲ್ಲಿ ಅರ್ಧ ಮಿಲಿಮೀಟರ್ ಹೆಜ್ಜೆ ಬಿದ್ದರೂ ತಂತಿಗೆ ಅಡ್ಡಿಯಾಗದು.

ಅಳತೆ ತಪ್ಪಿದಾಗ

ತೂತು ಸ್ವಲ್ಪ ಚಿಕ್ಕದಾದರೆ 0.1 ಅಥವಾ 0.2 ಮಿ.ಮೀ. ದೊಡ್ಡ ಬಿಟ್ ತೆಗೆದುಕೊಂಡು ಯಂತ್ರದಿಂದಲ್ಲ, ಕೈಯಿಂದಲೇ ಮೆಲ್ಲಗೆ ತಿರುಗಿಸಿ ಹಾಯಿಸಿ. ತೆಗೆಯಬೇಕಾದ ಮರ ತೀರಾ ಕಡಿಮೆ ಇರುವಾಗ ತಿರುಗುವ ಮರಕ್ಕೆ ಬಿಟ್ ಕೊಟ್ಟರೆ ಅದು ಕಚ್ಚಿ ಎಳೆದುಕೊಂಡು ಒಳಕ್ಕೆ ನುಗ್ಗುತ್ತದೆ. ತೂತು ದೊಡ್ಡದಾಗಿಬಿಟ್ಟರೆ ಅಂಟಿನಲ್ಲಿ ಮರದ ಪುಡಿ ಕಲಸಿ ತುಂಬಿದರೆ ಅದು ನಿಲ್ಲುವುದಿಲ್ಲ. ಆ ತೂತನ್ನು ಇನ್ನೂ ಹಿಗ್ಗಿಸಿ ಒಂದು ಖಚಿತವಾದ ಅಳತೆಗೆ ತನ್ನಿ, 7.5 ಆಗಿಹೋದ ತೂತನ್ನು 12ಕ್ಕೆ ಏರಿಸಿದಂತೆ. ಅದೇ ಮರದಿಂದ, ಎಳೆ ಅದೇ ದಿಕ್ಕಿಗಿರುವಂತೆ ಬೆಣೆಯೊಂದನ್ನು ಕಡೆದು ಬಿಳಿ ಅಂಟಿನಿಂದ ಕೂರಿಸಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಮಾರನೆಯ ದಿನ ಮುಖ ಸಮ ಮಾಡಿ, ನಡುವೆ ಹೊಸದಾಗಿ ಕುಳಿ ಮಾಡಿ, ಸರಿಯಾದ ಬಿಟ್‌ನಿಂದ ಮತ್ತೆ ಕೊರೆದರೆ ಬೆಣೆಯ ಗೋಡೆ 2–3 ಮಿ.ಮೀ. ದಪ್ಪ ಉಳಿದು ತೂತು ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ.